ಹಾವಿನ ನಾಮಕರಣ

ಸ್ವಂತ ಹೆಸರಿಲ್ಲದ ಬದುಕು ಎಂಥದೆಂದು ನಮಗೆ, ಹೆಂಗಸರಿಗೆ, ಬಿಡಿಸಿ ಹೇಳಬೇಕಾಗಿಲ್ಲ. ಮೇಷ್ಟ್ರ ಮಗಳು, ಗುಮಾಸ್ತರ ಹೆಂಡತಿ, ಪುಟ್ಟನ ಅಮ್ಮ ಎನ್ನಿಸಿಕೊಳ್ಳುತ್ತಲೇ ಅರ್ಧ ಆಯುಷ್ಯ ಕಳೆಯುತ್ತದೆ. ಅದಕ್ಕೇ ಇರಬೇಕು, ಕಛ್‌ನ ಹಾವಿನ ಕಥೆ ನನಗೆ ಅಷ್ಟು ಹಿಡಿಸಿದ್ದು.

ಗುಜರಾತಿನ ಕಛ್‌ನಲ್ಲಿ ಪಾನಂಧ್ರೋ ಎಂಬಲ್ಲಿ ಲಿಗ್ನೈಟ್ ಗಣಿಯಿದೆ. 2005ರಲ್ಲಿ ಅಲ್ಲಿ ಬೆನ್ನೆಲುಬಿನ 27 ಮಣಿಗಳು ಸಿಕ್ಕವು. ಗಾತ್ರ ನೋಡಿ ಮೊಸಳೆಯದಿರಬೇಕು ಎಂದುಕೊಂಡರಂತೆ. ಹೀಗೆ ಇನ್ಯಾರದೋ ಹೆಸರಿನಲ್ಲಿ ಅವು ವರ್ಷಗಟ್ಟಲೆ ಪ್ರಯೋಗಾಲಯದಲ್ಲೇ ಉಳಿದವು. ರೂರ್ಕಿ ಐಐಟಿಯ ದೇಬಜಿತ್ ದತ್ತಾ ಮತ್ತು ಸುನೀಲ್ ಬಾಜಪೇಯಿ ಅವನ್ನು ಮತ್ತೆ ಕೈಗೆತ್ತಿಕೊಂಡು ನೋಡಿದರೆ, ಹಾವು! ಸುಮಾರು 4 ಕೋಟಿ 70 ಲಕ್ಷ ವರ್ಷಗಳ ಹಿಂದಿನದು. ಅವರ ಅಂದಾಜಿನಲ್ಲಿ ಉದ್ದ 11ರಿಂದ 15 ಮೀಟರ್; ನಮ್ಮ ಶಾಲೆಯ ಎರಡು ಕೊಠಡಿ ಸೇರಿಸಿದರೂ ಅದಕ್ಕೆ ಮಲಗಲು ಜಾಗ ಸಾಲದೇನೋ. 2024ರಲ್ಲಿ ‘ವಾಸುಕಿ ಇಂಡಿಕಸ್’ ಎಂದು ನಾಮಕರಣವಾಯಿತು, ಅದೂ ಶಿವನ ಕೊರಳ ಸರ್ಪದ ಹೆಸರು!

ಹೆಸರಿಟ್ಟ ಮಾತ್ರಕ್ಕೆ ಮೂಳೆ ಬದಲಾಗಲಿಲ್ಲ, ನಿಜ. ತಲೆಬುರುಡೆ ಸಿಕ್ಕಿಯೂ ಇಲ್ಲ. ಆದರೆ ಮೊಸಳೆಯ ಲೆಕ್ಕದಲ್ಲಿದ್ದದ್ದಕ್ಕೆ ತನ್ನದೇ ಕುಲ, ತನ್ನದೇ ಕಾಲ, ತನ್ನದೇ ತವರು ದಕ್ಕಿತಲ್ಲ!

ಮದುವೆಯಾದ ಹಳೆಯ ವಿದ್ಯಾರ್ಥಿನಿಯರು ಸಂತೆಯಲ್ಲಿ ಕಂಡರೆ ನಾನು ಹಾಜರಿ ಪುಸ್ತಕದ ಪೂರ್ತಿ ಹೆಸರು ಹಿಡಿದೇ ಕೂಗುತ್ತೇನೆ. ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಆಮೇಲೆ ತಿರುಗಿ ನೋಡಿ ನಗುತ್ತಾರೆ.