ಮೊದಲು ತೊಳೆಯಬೇಕು

ಕೊಪ್ಪಳ ಜಿಲ್ಲೆಯಲ್ಲಿ ಕಾರು ಇಟ್ಟುಕೊಂಡವನಿಗೆ ಧೂಳಿನ ಪರಿಚಯವನ್ನು ಯಾರೂ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಯಲಬುರ್ಗಾದ ಎರೆಹೊಲಗಳ ಕಪ್ಪು ಮಣ್ಣು, ಕುಷ್ಟಗಿ ಸೀಮೆಯ ಗ್ರಾನೈಟ್ ಕಲ್ಲಿನ ಹುಡಿ, ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ, ಗಿಣಿಗೇರಾ ಕಡೆಯಿಂದ ಗಾಳಿಯಲ್ಲಿ ಬರುವ ಕಬ್ಬಿಣದ ಮಸಿ ಎಲ್ಲವೂ ಒಂದರ ಮೇಲೊಂದು ಬಂದು ಕೂರುತ್ತವೆ. ಈ ಧೂಳು ನನಗೆ ಕಲಿಸಿದ ಒಂದು ಪಾಠವನ್ನು ವಾಚಕರೊಡನೆ ಹಂಚಿಕೊಳ್ಳಬೇಕೆನಿಸಿದೆ.

ಕುಷ್ಟಗಿಯಲ್ಲಿ ಪ್ರೌಢಶಾಲಾ ಶಿಕ್ಷಕರಾಗಿದ್ದ ನಮ್ಮ ತಂದೆಯವರು 1999ರಲ್ಲಿ, ತಮ್ಮ ನಿವೃತ್ತಿಯ ಹಣದಿಂದ, ಕೆಂಪು ಬಣ್ಣದ ಮಾರುತಿ 800 ಕಾರನ್ನು ಕೊಂಡರು. ಆ ಮಾದರಿಯ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ನಮ್ಮದು ಮಾತ್ರ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಳ್ಳುತ್ತ ಇನ್ನೂ ಓಡುತ್ತಿದೆ. ತಂದೆಯವರು ತೀರಿಕೊಂಡ ಮೇಲೆ ಅದನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಅದಕ್ಕೆ ಬೇಕಾದ ಒಪ್ಪಿಗೆ ಪತ್ರಕ್ಕೆ ಯಲಬುರ್ಗಾದಲ್ಲಿರುವ ತಮ್ಮನಿಂದ, ಬೇರೆ ನಾಲ್ಕಾರು ಕಾಗದಗಳ ನಡುವೆ, ಸಹಿ ಪಡೆದಿದ್ದೆ. ಅದೇನೆಂದು ಬಿಡಿಸಿ ಹೇಳಿರಲಿಲ್ಲ. ಸಂಗತಿ ತಿಳಿದ ಮೇಲೂ ಅವನು ಕೇಳಲಿಲ್ಲ. ನಮ್ಮ ನಡುವೆ ಮಾತು ಮಾತ್ರ ಕಡಿಮೆಯಾಯಿತು.

ಎರಡು ವರ್ಷಗಳ ತರುವಾಯ ಅವನ ಮಗಳ ಮದುವೆ ಗಂಗಾವತಿಯಲ್ಲಿ ನಿಶ್ಚಯವಾಯಿತು. "ಅಣ್ಣಾ, ಮದುಮಗಳನ್ನ ಅಪ್ಪಾರ ಕಾರಿನಾಗ ಕರಕೊಂಡು ಹೋಗೂನು" ಎಂದು ದೂರವಾಣಿಯಲ್ಲಿ ಹೇಳಿದ. ನಾನು ಹಿಗ್ಗಿದೆ. ಮಗುವಿಗೆ ಬೆಲೆಬಾಳುವ ಸೀರೆ ತಂದೆ, ಸಿಹಿ ಕಳುಹಿಸಿದೆ. ಕಾರಿಗೆಂದು ಅಂಗಡಿಯಿಂದ ಪಾಲಿಶ್, ಸೀಲೆಂಟ್ ಮತ್ತು ಮೇಣದ ಮೂರು ಡಬ್ಬಿಗಳನ್ನೂ ತಂದೆ.

ಒಂದು ಮಧ್ಯಾಹ್ನ, ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ಒಣಬಟ್ಟೆಯಿಂದ ಒರೆಸಿ, ಮೊದಲು ಮೇಣವನ್ನು ಹಚ್ಚಿದೆ. ಹೊಳಪು ಬಂದಂತೆ ಕಂಡಿತು. ಅದರ ಮೇಲೆ ಸೀಲೆಂಟ್ ಬಳಿದೆ. ಎಲ್ಲಿ ಮಸುಕಾಗಿತ್ತೋ ಅಲ್ಲಿ ಪಾಲಿಶ್ ಹಾಕಿ ಉಜ್ಜಿದೆ. ಮರುದಿನ ಬೆಳಿಗ್ಗೆ ನೋಡಿದರೆ ಬಾನೆಟ್ಟಿನ ತುಂಬ ಬಿಳಿಯ ಕಲೆಗಳು. ಅವುಗಳ ಕೆಳಗೆ, ಜೇಡರ ಬಲೆಯಂತೆ ಸುತ್ತು ಸುತ್ತಾದ ಸಣ್ಣ ಗೀರುಗಳು.

ಗಂಗಾವತಿಯಲ್ಲಿ ಪೇಂಟಿಂಗ್ ಶೆಡ್ ನಡೆಸುವ ಒಬ್ಬ ಹಿರಿಯ ಮಿಸ್ತ್ರಿಯವರ ಬಳಿಗೆ ಕಾರನ್ನು ಒಯ್ದೆ. ಅವರು ಬೆರಳಾಡಿಸಿ ನೋಡಿ, "ಹೊಲಸಿನ ಮ್ಯಾಲ ಮೇಣ ಹಚ್ಚೀರಿ ಸರ್. ಹೊಲಸಿಗೆ ನೀವೇ ಬೀಗ ಹಾಕಿದಂಗ ಆತು" ಎಂದರು. ಆ ಮಾತು ನನಗೆ ಕಾರಿನಾಚೆಗೂ ತಾಕಿತು.

ಅವರು ವಿವರಿಸಿದ ಕ್ರಮ ಹೀಗಿದೆ. ಮೊದಲು ನೆರಳಿನಲ್ಲಿ, ಲೋಹ ತಣ್ಣಗಿರುವಾಗ, ಧಾರಾಳ ನೀರಿನಿಂದ ಧೂಳನ್ನು ಹರಿಸಬೇಕು. ಆಮೇಲೆ ಸೋಪಿನ ನೀರಿನಿಂದ ತೊಳೆಯಬೇಕು. ಒಣ ಧೂಳನ್ನು ಬಟ್ಟೆಯಿಂದ ಒರೆಸುವುದೆಂದರೆ ಮರಳುಕಾಗದದಿಂದ ತಿಕ್ಕಿದಂತೆಯೇ ಸರಿ. ತೊಳೆದ ಮೇಲೂ ಕೈಗೆ ತರಿತರಿಯಾಗಿ ಸಿಗುವ ಕಬ್ಬಿಣದ ಕಣಗಳನ್ನು, ಸಾಬೂನು ನೀರಿನಲ್ಲಿ ನೆನೆಸಿದ ಕ್ಲೇ ಎಂಬ ಮೆದುವಾದ ಜೇಡಿಯಂಥ ಮುದ್ದೆಯಿಂದ ಎತ್ತಬೇಕು. ಆನಂತರವೇ ಪಾಲಿಶ್.

ಪಾಲಿಶ್ ಏನನ್ನೂ ಕೂಡಿಸುವುದಿಲ್ಲ, ಕಳೆಯುತ್ತದೆ ಎಂಬುದನ್ನು ನಾನು ಅಲ್ಲಿಯೇ ಅರಿತದ್ದು. ಅದರಲ್ಲಿರುವ ನಯವಾದ ಹರಳುಗಳು ಬಣ್ಣದ ಮೇಲ್ಪದರವನ್ನು ತುಸುವೇ ಸವೆಸಿ, ಗೀರಿನ ಅಂಚುಗಳನ್ನು ಸಮಗೊಳಿಸುತ್ತವೆ. ಕಾರ್ಖಾನೆಯಲ್ಲಿ ಬಳಿದ ಬಣ್ಣವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ, ಅಂದರೆ ಸುಮಾರು ಎರಡು ತಲೆಗೂದಲಿನಷ್ಟು. ನಮ್ಮ ಕಾರಿನ ಬಣ್ಣದ ಮೇಲೆ ಈಗಿನಂತೆ ಪಾರದರ್ಶಕ ಪದರವಿಲ್ಲ. ಉಜ್ಜಿದ ಬಟ್ಟೆಗೆ ಕೆಂಪೇ ಅಂಟಿಕೊಂಡು ಬಂತು. ಕಳೆದದ್ದು ಮರಳಿ ಬರುವುದಿಲ್ಲವಾದ್ದರಿಂದ ಈ ಕೆಲಸವನ್ನು ಪದೇ ಪದೇ ಮಾಡಲಾಗದು.

ಪಾಲಿಶಿನ ಜಿಡ್ಡನ್ನು ಪೂರ್ತಿ ಒರೆಸಿದ ಮೇಲೆ ಸೀಲೆಂಟ್. ಈ ಕೃತಕ ಲೇಪ ಬರಿಯ ಬಣ್ಣಕ್ಕೆ ಅಂಟಿದರೆ ಮಾತ್ರ ತಿಂಗಳುಗಟ್ಟಲೆ ನಿಲ್ಲುತ್ತದೆ. ಕೆಳಗೆ ಮೇಣವಿದ್ದರೆ ಅಂಟುವುದಿಲ್ಲ. ಅದಕ್ಕೆ ಗಟ್ಟಿಯಾಗಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕೊಡಬೇಕು. ಕೆಲವಕ್ಕೆ ಒಂದು ದಿನವೇ ಬೇಕಾಗುತ್ತದೆ. ಮೇಣ ಎಲ್ಲಕ್ಕಿಂತ ಕೊನೆಯದು. ಕಾರಿನ ಮೇಣಗಳಲ್ಲಿ ಹೆಸರಾದ ಕಾರ್ನೌಬಾ, ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಯಿಂದ ದೊರೆಯುತ್ತದೆ. ಕೊಡುವ ಹೊಳಪು ಸೊಗಸಾದದ್ದು. ಆದರೆ ನಮ್ಮ ಬಿಸಿಲಿನಲ್ಲಿ ಅದರ ಆಯುಷ್ಯ ಕೆಲವೇ ವಾರಗಳದ್ದು.

"ಕಿನ್ನಾಳದಾಗ ನೋಡೀರಿಲ್ಲೋ?" ಎಂದು ಮಿಸ್ತ್ರಿ ಕೇಳಿದರು. ನೋಡಿದ್ದೆ. ಕೊಪ್ಪಳದ ಸಮೀಪದ ಆ ಊರಿನ ಚಿತ್ರಗಾರರು ಹಗುರವಾದ ಮರದ ಗೊಂಬೆಗೆ ನೇರವಾಗಿ ಬಣ್ಣ ಹಚ್ಚುವುದಿಲ್ಲ. ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲೆಸಿದ ಕಿಟ್ಟವನ್ನು ಮೊದಲು ಮೆತ್ತುತ್ತಾರೆ. ಮೇಲೆ ಹತ್ತಿಬಟ್ಟೆಯ ತುಂಡುಗಳು, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಬಂಗಾರದಂತೆ ಮಿನುಗುವ ಲಾಜವಾರದ ಕೆಲಸವನ್ನು ನಾವು ಮೆಚ್ಚುತ್ತೇವೆ. ಅದನ್ನು ಹೊತ್ತಿರುವ ಕಿಟ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಪಾಲಿಶ್ ಮುಗಿದಾಗ ಮಿಸ್ತ್ರಿ ಚಾಲಕನ ಬಾಗಿಲಿನ ಬೀಗದ ಸುತ್ತಲಿನ ಗೀರುಗಳನ್ನು ತೋರಿಸಿದರು. ಕಣ್ಣು ಮಂಜಾದ ಮೇಲೆ ತಂದೆಯವರು ಕೀಲಿಯಿಂದ ತಡವರಿಸಿ ಮಾಡಿದ ಗೀರುಗಳವು. ಅವುಗಳ ಮೇಲೆ ಉಗುರು ಎಳೆದು ನೋಡಿ, "ಉಗುರು ಸಿಗತೈತಿ, ಆಳ ಐತಿ. ಪಾಲಿಶಿಗೆ ಹೋಗಂಗಿಲ್ಲ. ಬಾಗಿಲಕ್ಕ ಹೊಸ ಬಣ್ಣ ಹೊಡೀಬೇಕು. ಸೀಲೆಂಟ್ ಹಚ್ಚೂದ್ರಾಗ ಹೇಳಿಬಿಡ್ರಿ" ಎಂದರು. ಅದನ್ನು ನಾನೊಬ್ಬನೇ ಹೇಳುವಂತಿರಲಿಲ್ಲ. ತಮ್ಮನಿಗೆ ಫೋನು ಮಾಡಿದೆ.

ಅವನು ಮರುದಿನ ಬಸ್ಸಿನಲ್ಲಿ ಬಂದ. ಸೀರೆ, ಸಿಹಿ, ಸವಿಮಾತು ಎಲ್ಲವನ್ನೂ ನಾನು ಹಚ್ಚಿದ್ದಾಗಿತ್ತು. ಕೆಳಗಿನ ಹೊಲಸು ಹಾಗೆಯೇ ಇತ್ತು. ಗೀರುಗಳ ಮಾತೆತ್ತುವ ಮುನ್ನವೇ, "ಆವತ್ತಿನ ಸಹಿ ಈ ಕಾರಿಂದು. ನಿನಗ ಹೇಳದೆ ಮಾಡಿಸಿದೆ. ತಪ್ಪಾತು" ಎಂದೆ.

ಅವನು ಬಹಳ ಹೊತ್ತು ಬಾಗಿಲನ್ನೇ ನೋಡುತ್ತ ನಿಂತ. "ಗೊತ್ತಿತ್ತು ಅಣ್ಣಾ. ನೀ ಹೇಳಲಿ ಅಂತ ಇದ್ದೆ" ಎಂದ. ಅವನ ದನಿಯಲ್ಲಿ ನೋವಿತ್ತು. ಅದು ಅಂದೇ ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಆಮೇಲೆ ಮಿಸ್ತ್ರಿಯವರತ್ತ ತಿರುಗಿ, "ಇವು ಅಪ್ಪಾರ ಗೀರು. ಇರಲಿ ಬಿಡ್ರಿ, ಮ್ಯಾಲ ಹಚ್ಚಿಬಿಡ್ರಿ" ಎಂದ.

ಮದುಮಗಳು ಆ ಕಾರಿನಲ್ಲಿಯೇ ಹೋದಳು, ತಮ್ಮನೇ ನಡೆಸಿದ. ಮದುವೆಗೆ ಹಚ್ಚಿದ ಮೇಣ ಈಗ ಇಳಿದುಹೋಗಿದೆ, ಧೂಳು ಮತ್ತೆ ಕೂತಿದೆ. ಬರುವ ಭಾನುವಾರ ತಮ್ಮ ಬರುವವನಿದ್ದಾನೆ. ಇಬ್ಬರೂ ಸೇರಿ ಮೊದಲು ತೊಳೆಯಬೇಕು.