ಮೇಳದ ಬಸ್ಸಿನ ಎಲುಬುಗಳು

ಪತ್ತನಾಜೆಯಂದು, ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನದಂದು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟವನ್ನು ಮುಗಿಸಿದ ಮೇಲೆ, ಊರಿಂದೂರಿಗೆ ಕಲಾವಿದರನ್ನು ಹೊತ್ತು, ರಾತ್ರಿಯೆಲ್ಲ ಕುಣಿದು ದಣಿದವರಿಗೆ ಹಗಲಿನಲ್ಲಿ ಮಲಗುವ ಮನೆಯೂ ಆಗಿದ್ದ ಮೇಳದ ಬಸ್ಸೊಂದು ಮಂಗಳೂರಿನ ನಮ್ಮ ಗ್ಯಾರೇಜಿಗೆ ದುರಸ್ತಿಗಾಗಿ ಬರುತ್ತಿದ್ದಿತು. ನನ್ನ ತಂದೆಯವರು ಅಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡುತ್ತಿದ್ದೆನು, ಮುಂದೆ ಅಲ್ಲಿಯೇ ಕೆಲಸ ಕಲಿತೆನು. ಬಸ್ಸಿಗೆ ಬಾಡಿ ಕಟ್ಟುವ ಕಸುಬು ಮರದಿಂದ ಉಕ್ಕಿಗೆ ಹೊರಳಿದುದನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬನು.

1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯು ಹುಟ್ಟಿದ ಕಾಲದಿಂದ ಬಸ್ಸು ಈ ಕರಾವಳಿಯವರ ಬಾಳಿನಲ್ಲಿ ಸೇರಿಕೊಂಡಿತಷ್ಟೆ. ಕಾರ್ಖಾನೆಯಿಂದ ಬರುತ್ತಿದ್ದುದು ಎಂಜಿನ್ನು ಮತ್ತು ಚಕ್ರಗಳುಳ್ಳ ಬರಿಯ ಚಾಸಿ. ಅದರ ಮೇಲೆ ತೇಗದ ಕಂಬಗಳನ್ನು ನಿಲ್ಲಿಸಿ, ತಗಡು ಹೊದಿಸಿ, ಅದನ್ನು ಬಸ್ಸನ್ನಾಗಿಸುತ್ತಿದ್ದವರು ಬಡಗಿಗಳು. ನಮ್ಮ ಗ್ಯಾರೇಜಿನ ಆಚಾರ್ರು ಪ್ರತಿಯೊಂದು ಕಂಬದ ಬುಡದಲ್ಲಿಯೂ ಉಳಿಯಿಂದ ಕಿರುಬೆರಳಿನಷ್ಟಗಲದ ಒಂದು ಗೀರನ್ನು ತೆಗೆದಿಡುತ್ತಿದ್ದರು. ಏಕೆಂದು ಕೇಳಿದೆನು.

“ಮಳೆ ಒಳಗೆ ಬಾರದ ಹಾಗೆ ಮಾಡಲು ನನ್ನಿಂದಾಗದು, ಮಾಣಿ. ಬಂದದ್ದಕ್ಕೆ ಹೋಗಲು ದಾರಿ ಬೇಡವೇ?”

ಒಳ್ಳೆಯ ತೇಗವು ದುರ್ಲಭವಾಗುತ್ತ ಬಂದಂತೆ ಉಕ್ಕು ಬಂದಿತು. ತಗಡನ್ನು ಮಡಚಿ ಬೆಸೆದ ಟೊಳ್ಳು ಕಂಬಗಳು ಹಗುರವಾಗಿದ್ದುವು, ನೇರವಾಗಿದ್ದುವು, ತಿಂಗಳ ಕೆಲಸವನ್ನು ವಾರಗಳಿಗೆ ಇಳಿಸಿದುವು. ಬಡಗಿಗಳಿಗೆ ಉಳಿದುದು ನೆಲದ ಹಲಗೆ ಮತ್ತು ಸೀಟಿನ ಕೆಲಸವಷ್ಟೆ. ಉಕ್ಕಿನ ಕಂಬಕ್ಕೂ ಬುಡದಲ್ಲಿ ಆ ಗೀರು ಬೇಕೇ ಎಂದು ವೆಲ್ಡರುಗಳಾದ ನಾವು ಆಚಾರ್ರನ್ನು ಕೇಳಲಿಲ್ಲ. ಉಕ್ಕು ಕೊಳೆಯುವ ಪದಾರ್ಥವಲ್ಲವೆಂದು ನಂಬಿದ್ದೆವು.

1986ರ ಆಟಿ ತಿಂಗಳ ಮಳೆಯಲ್ಲಿ ಆ ನಂಬಿಕೆಯು ಮುರಿಯಿತು. ಹತ್ತಾರು ವರ್ಷ ತಿರುಗಾಡಿದ್ದ ಒಂದು ಮೇಳದ ಬಸ್ಸಿನ ಬಾಗಿಲು ಮುಚ್ಚದಾಗಿದ್ದಿತು. ಬ್ಯಾಟರಿಯ ತಂತಿ ಕಳಚಿ, ಡೀಸೆಲ್ ಟ್ಯಾಂಕು ಇಳಿಸಿ, ಕಿಟಕಿಯ ಕೆಳಗಣ ತಗಡಿನ ರಿವೆಟ್ಟುಗಳನ್ನು ಚಾಣದಿಂದ ಹೊಡೆದು ತೆಗೆದಾಗ, ಬಣ್ಣ ಮಾಸದೆ ನಿಂತಿದ್ದ ಕಂಬವೊಂದು ನನಗೆ ಕಾಣಿಸಿತು. ಸುತ್ತಿಗೆಯಿಂದ ತಟ್ಟಿದೆನು. ಮೇಲೆ ಟಣ್ ಎಂದು ಮೊಳಗಿದುದು ಕೆಳಗೆ ಡಬ್ ಎಂದಿತು. ಮತ್ತೊಮ್ಮೆ ತಟ್ಟಲು ಹಪ್ಪಳ ಮುರಿದಂತೆ ಪದರು ಪದರಾಗಿ ಉದುರಿ, ಒಳಗಿನಿಂದ ಕಾಫಿಯ ಬಣ್ಣದ ನೀರು ನನ್ನ ಪಾದದ ಮೇಲೆ ಸುರಿಯಿತು. ಬುಡದ ಒಂದು ಗೇಣು ಉಕ್ಕೇ ಇರಲಿಲ್ಲ. ಕಿಟಕಿಯ ಗಾಜಿನ ಗುಂಟ ಇಳಿದ ನೀರು, ಕಡಲ ಗಾಳಿಯ ಉಪ್ಪಿನೊಡನೆ ಟೊಳ್ಳಿನೊಳಗೆ ಸೇರಿ, ಹೊರಡಲು ಎಡೆಯಿಲ್ಲದೆ ಅಲ್ಲಿಯೇ ನಿಂತು, ಬ್ರಷ್ಷು ಮುಟ್ಟಲಾರದ ಒಳಮೈಯನ್ನು ತಿಂದಿದ್ದಿತು. ತುಕ್ಕು ತಾನು ನುಂಗಿದ ಉಕ್ಕಿಗಿಂತ ಹಲವು ಪಾಲು ಹೆಚ್ಚು ಜಾಗವನ್ನು ಬೇಡುವುದರಿಂದ ಹೊರತಗಡನ್ನೂ ಉಬ್ಬಿಸಿದ್ದಿತು. 14 ಕಂಬಗಳಲ್ಲಿ 9 ಹೀಗೆಯೇ ಹೋಗಿದ್ದುವು. ಆ ಮನೆಯಲ್ಲಿ ಇಪ್ಪತ್ತು ಮಂದಿ ಮಲಗುತ್ತಿದ್ದರೆಂಬುದನ್ನು ನೆನೆದಾಗ ನನಗೆ ನಡುಕ ಬಂದಿತು.

ಎಲ್ಲ ಕಂಬಗಳನ್ನು ಒಮ್ಮೆಗೇ ಕತ್ತರಿಸಿದರೆ ಮಾಡು ಕುಸಿದು ಬಾಗಿಲು, ಕಿಟಕಿಗಳ ಅಳತೆಗಳು ತಪ್ಪುವುವು. ಆದುದರಿಂದ ಜಾಕಿಯ ಮೇಲೆ ಹಲಗೆಯಿಟ್ಟು ಮಾಡನ್ನು ಹೊರಿಸಿ, ಓರೆಪಟ್ಟಿಗಳನ್ನು ತಾತ್ಕಾಲಿಕವಾಗಿ ಬೆಸೆದು, ಒಂದನ್ನು ಕತ್ತರಿಸಿ ಒಂದನ್ನು ನಿಲ್ಲಿಸುತ್ತ ಹೋದೆವು; ಬಿಳಿಯ ಉಕ್ಕು ಹೊಳೆಯುವವರೆಗೂ ಮೇಲಕ್ಕೆ ಕತ್ತರಿಸಿ, ಹೊಸ ತುಂಡಿನೊಳಗೆ ಚಿಕ್ಕ ಪೈಪನ್ನು ತೂರಿಸಿ ಕೂಡಿಸಿದೆವು. ಮುಪ್ಪಿನಿಂದ ಕೆಲಸ ಬಿಟ್ಟಿದ್ದರೂ ದಿನವೂ ಬಂದು ಬೆಂಚಿನ ಮೇಲೆ ಕುಳಿತಿರುತ್ತಿದ್ದ ಆಚಾರ್ರು ಎದ್ದು ಬಂದು, ಏನನ್ನೂ ಆಡದೆ, ಕೈಡ್ರಿಲ್ಲನ್ನು ತೆಗೆದುಕೊಂಡು ಮೊದಲ ಕಂಬದ ಬುಡದಲ್ಲಿ ತೂತು ಕೊರೆದರು. ಉಳಿದ ಎಂಟನ್ನು ನಾನು ಕೊರೆದೆನು. ಅವರನ್ನು ಅಂದು ಕೇಳದೆ ಹೋದುದು ನಮ್ಮ ತಪ್ಪೆಂದು ಈಗಲೂ ಹೇಳುತ್ತೇನೆ.

ಈಗ ಸತುವಿನ ಲೇಪವುಳ್ಳ ಪೈಪುಗಳಿವೆ. ಬಾಡಿ ಸಹಿತವಾಗಿಯೇ ಕಾರ್ಖಾನೆಯಿಂದ ಬರುವ ಬಸ್ಸುಗಳಿವೆ. ಆದರೂ ಬೆಸುಗೆಯ ಬೆಂಕಿ ತಾಗಿದೆಡೆ ಸತುವು ಸುಟ್ಟುಹೋಗುತ್ತದೆ. ಹಳೆಯ ಬಸ್ಸಿಗೆ ಹೊಸ ಕಂಬವನ್ನು ನಿಲ್ಲಿಸುವ ತರುಣ ಮಿತ್ರರು, ಬೆಸುಗೆ ಆರಿದ ಮೇಲೆ, ತಗಡು ಮುಚ್ಚುವುದಕ್ಕೆ ಮೊದಲು, ಬುಡದಲ್ಲಿ ಒಂದು ತೂತನ್ನು ಕೊರೆಯಬೇಕೆಂದು ಬೇಡುತ್ತೇನೆ.