ಕಲ್ಯಾಣದ ಬಿಷಪ್ಪರೂ ನಮ್ಮ ಮೆಣಸಿನ ಬಳ್ಳಿಯೂ

ಮೇಷ್ಟರಾದವನಿಗೆ ತರಗತಿಯಲ್ಲಿ ಚಪ್ಪಾಳೆ ಬೀಳುವುದು ಅಪರೂಪ. ನನ್ನ ಇಷ್ಟು ವರ್ಷಗಳ ವೃತ್ತಿಯಲ್ಲಿ ಒಮ್ಮೆ ಬಿದ್ದಿತು. ಅದೂ ತಪ್ಪು ಮಾತಿಗೆ.

ಅಂದು ಸ್ಥಳನಾಮಗಳ ಪಾಠ. ಮುಂದಿನ ಬೆಂಚಿನಲ್ಲಿ ಉಡುಪಿಯ ಬಳಿಯ ಕಲ್ಯಾಣಪುರದ ಹುಡುಗಿಯೊಬ್ಬಳು ಕುಳಿತಿದ್ದಳು. ಅವಳನ್ನು ಕಂಡು ನನಗೆ ಉತ್ಸಾಹ ಬಂದಿತು. ಅಲೆಗ್ಸಾಂಡ್ರಿಯದ ಕಾಸ್ಮಾಸ್ ಎಂಬ ವರ್ತಕನು ಸಂನ್ಯಾಸಿಯಾದ ಮೇಲೆ, ಸುಮಾರು 550ರಲ್ಲಿ, ಗ್ರೀಕ್ ಭಾಷೆಯಲ್ಲಿ ಒಂದು ಭೂವಿವರಣೆ ಬರೆದನು. ಮೆಣಸು ಬೆಳೆಯುವ ‘ಮಲೆ’ಯಲ್ಲಿ ಕ್ರೈಸ್ತರ ಇಗರ್ಜಿಯಿದೆ, ‘ಕಲ್ಲಿಯಾನ’ದಲ್ಲಿ ಪರ್ಷಿಯದಿಂದ ನೇಮಕಗೊಂಡು ಬರುವ ಬಿಷಪ್ಪರೊಬ್ಬರಿದ್ದಾರೆ ಎಂದು ಅದರಲ್ಲಿ ಹೇಳಿದ್ದಾನೆ. ಈ ಕಲ್ಲಿಯಾನವೇ ನಮ್ಮ ಕಲ್ಯಾಣಪುರವೆಂದು ಕೆಲವರು ಊಹಿಸಿದ್ದುಂಟು. ನಾನು ‘ಕೆಲವರು’ ಎಂಬುದನ್ನೂ ‘ಊಹೆ’ ಎಂಬುದನ್ನೂ ನುಂಗಿಕೊಂಡು, “ಸಾವಿರದ ನಾನೂರು ವರ್ಷಗಳ ಹಿಂದೆಯೇ ಈ ಹುಡುಗಿಯ ಊರಿನಲ್ಲಿ ಬಿಷಪ್ಪರಿದ್ದರು!” ಎಂದುಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ.

ಆರು ತಿಂಗಳ ಬಳಿಕ ಆಕೆ ಒಂದು ಲೇಖನವನ್ನು ತಂದುಕೊಟ್ಟಳು. ಊರಿನ ಸ್ಮರಣ ಸಂಚಿಕೆಗಂತೆ. “ಒಮ್ಮೆ ಕಣ್ಣಾಡಿಸಿ ಕೊಡಿ, ಸರ್. ಅಜ್ಜಿಗೆ ಓದಿ ಹೇಳಿದೆ, ಅತ್ತೇ ಬಿಟ್ಟರು” ಎಂದಳು. ನನ್ನ ಎದೆ ಧಸಕ್ಕೆಂದಿತು.

ಲೇಖನವನ್ನೂ ಕಾಸ್ಮಾಸನ ಇಂಗ್ಲಿಷ್ ಅನುವಾದವನ್ನೂ ಕಟ್ಟಿಕೊಂಡು ರಜೆಗೆ ಮತ್ತಿಘಟ್ಟಕ್ಕೆ ಹೋದೆ. ಶಿರಸಿಯ ಕಡೆಯ ನಮ್ಮ ತೋಟಗಳಲ್ಲಿ ಅದು ಮೆಣಸು ಕೊಯ್ಯುವ ಕಾಲ. ಅಂಗಳದ ತುಂಬ ಹಸಿರು ಕಾಳು. ಎರಡು ಬಿಸಿಲಿಗೆ ಕಪ್ಪಾಗಿ ಸುಕ್ಕುಗಟ್ಟತೊಡಗುತ್ತದೆ. ಜಗಲಿಯಲ್ಲಿ ಕುಳಿತು ಪುಸ್ತಕ ಬಿಚ್ಚಿದೆ.

ಕಾಸ್ಮಾಸ್ ಪಶ್ಚಿಮ ಕರಾವಳಿಯ ಬಂದರುಗಳನ್ನು ಸಾಲಾಗಿ ಹೇಳುತ್ತಾನೆ: ಸಿಂಧು, ಒರೋಥ, ಕಲ್ಲಿಯಾನ, ಸಿಬೋರ್, ಆಮೇಲೆ ಮೆಣಸು ಸಾಗಿಸುವ ಮಲೆಯ ಐದು ಬಂದರುಗಳು. ಆ ಐದರಲ್ಲಿ ‘ಮಂಗರೂಥ್’ ನಮ್ಮ ಮಂಗಳೂರೆಂದು ವಿದ್ವಾಂಸರ ಮತ. ಸಿಬೋರ್ ಎಂದರೆ ಮುಂಬಯಿಯ ತೆಂಕಣ ಚೌಲ್. ಅದಕ್ಕೂ ಮೊದಲು ಬರುವ ಕಲ್ಲಿಯಾನ ಮುಂಬಯಿಯ ಬಳಿಯ ಕಲ್ಯಾಣವೇ ಆಗಬೇಕಲ್ಲದೆ ಉಡುಪಿಯ ಮಗ್ಗುಲಿನದು ಹೇಗಾದೀತು? ಕಲ್ಲಿಯಾನದಿಂದ ಹೊರಡುವ ಸರಕೆಂದು ಅವನು ಹೇಳುವುದು ತಾಮ್ರ, ಮರ, ಬಟ್ಟೆ. ಮೆಣಸಿನ ಸುದ್ದಿಯೇ ಇಲ್ಲ!

ಮೆಣಸಿನ ಬಳ್ಳಿಯನ್ನೂ ಅವನು ವರ್ಣಿಸಿದ್ದಾನೆ. ಅದು ದ್ರಾಕ್ಷಿಬಳ್ಳಿಯಂತೆ ನಿಶ್ಶಕ್ತ. ಫಲವಿಲ್ಲದ ಎತ್ತರದ ಮರವನ್ನು ಹಬ್ಬಿಕೊಳ್ಳುತ್ತದೆಯಂತೆ. ಇದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಬಾಯಲ್ಲಿದ್ದ ಕವಳವನ್ನು ಉಗಿದು ಬಂದು ದೊಡ್ಡಪ್ಪ ತೀರ್ಪು ಕೊಟ್ಟ: “ಅಡಿಕೆ ಮರಕ್ಕೆ ಫಲ ಇಲ್ಲೆ ಹೇಳಿದವ ನಮ್ಮ ತೋಟ ಕಂಡವ ಅಲ್ಲ, ತಮಾ. ಹಾಲವಾಣಕ್ಕೆ ಹಬ್ಬಿಸಿದ್ದು ನೋಡಿಕ್ಕು.”

ಇಷ್ಟು ಸರಳವಾಗಿ ನಿಜ ಹೇಳುವುದು ನನಗೇಕೆ ಆಗಲಿಲ್ಲ?

ಆ ಬಿಷಪ್ಪರ ಹೆಸರನ್ನಾದರೂ ಕಾಸ್ಮಾಸ್ ಹೇಳಿಲ್ಲ. ಸಮುದ್ರದಾಚೆಯಿಂದ ಬರುತ್ತಿದ್ದ ಆ ಪರಂಪರೆಯ ದಾರವೂ ಗಟ್ಟಿಯಾದುದಲ್ಲ. ಏಳನೆಯ ಶತಮಾನದಲ್ಲಿ ಪರ್ಷಿಯದ ಕ್ರೈಸ್ತರ ಮಹಾಗುರು ಮೂರನೆಯ ಈಶೋಯಾಬ್, ರೇವ್ ಅರ್ದಶೀರಿನ ಸಿಮೆಯೋನನಿಗೆ ಒಂದು ಖಾರವಾದ ಪತ್ರ ಬರೆದರು: ನಿಮ್ಮ ಅವಿಧೇಯತೆಯಿಂದ ಭಾರತಕ್ಕೆ ಬಿಷಪ್ಪರೇ ಇಲ್ಲದಂತಾಯಿತು ಎಂದು. ಮುಂದೆ 1329ರಲ್ಲಿ ಇಪ್ಪತ್ತೆರಡನೆಯ ಜಾನ್ ಪೋಪರು, ಡೊಮಿನಿಕನ್ ಪಂಥದ ಜೊರ್ಡಾನುಸ್ ಎಂಬವರನ್ನು ಕೊಲ್ಲಮ್ಮಿಗೆ ಬಿಷಪ್ಪರನ್ನಾಗಿ ನೇಮಿಸಿದರು. ರೋಮಿನ ಧರ್ಮಸಭೆಗೆ ಭಾರತದಲ್ಲಿ ಅದೇ ಮೊದಲ ಪೀಠ. 1321ರಲ್ಲಿ ಠಾಣೆಯಲ್ಲಿ ತಮ್ಮ ನಾಲ್ವರು ಜೊತೆಗಾರರ ಕೊಲೆಯಾದ ಮೇಲೆ ಅವರ ಶವಸಂಸ್ಕಾರ ನಡೆಸಿದ ಮನುಷ್ಯ ಇವರು. ಇವರೂ ಮೆಣಸಿನ ವಿಷಯ ಬರೆದಿದ್ದಾರೆ. ಕಾಳು ಕಪ್ಪಾಗುವುದು ಬೆಂಕಿಯಿಂದ ಎಂಬ ಕಥೆ ಆಗ ಯೂರೋಪಿನಲ್ಲಿ ಹಬ್ಬಿತ್ತು. ಅದು ಸುಳ್ಳು, ಯಾರೂ ನಂಬಬೇಡಿ ಎಂದು ಈ ಪಾದ್ರಿ ಸ್ಪಷ್ಟವಾಗಿ ಸಾರಿದರು. ನಮ್ಮ ಅಂಗಳದ ಬಿಸಿಲೇ ಅವರಿಗೆ ಸಾಕ್ಷಿ. ಒಂದು ಕಾಳಿನ ವಿಷಯದಲ್ಲಿಯೂ ಸುಳ್ಳು ನಿಲ್ಲಬಾರದೆಂದರು ಅವರು. ನಾನೋ, ಒಂದು ಊರನ್ನೇ ಎತ್ತಿ ಎರಡೂವರೆ ಶತಮಾನದ ಹಳೆಯ ಪುಸ್ತಕವಲ್ಲ, ಹದಿನಾಲ್ಕು ಶತಮಾನದ ಹಳೆಯ ಪುಸ್ತಕದೊಳಗೆ ಕೂರಿಸಿದ್ದೆ.

ರಜೆ ಮುಗಿಸಿ ಬಂದು ಹುಡುಗಿಗೆ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಅವಳ ಮುಖ ಬಾಡಿತು. “ಹಾಗಾದರೆ ನಮ್ಮೂರಿಗೆ ಏನೂ ಇಲ್ಲವೆ, ಸರ್?”

“ಇದೆಯಲ್ಲಮ್ಮ. ಸುವರ್ಣಾ ನದಿಯಿದೆ. 1678ರಷ್ಟು ಹಿಂದಿನ ಮಿಲಾಗ್ರಿಸ್ ಇಗರ್ಜಿಯಿದೆ. 2012ರಲ್ಲಿ ಉಡುಪಿ ಧರ್ಮಪ್ರಾಂತ ಹುಟ್ಟಿದಾಗ ಅದೇ ಅದರ ಪ್ರಧಾನಾಲಯವಾಯಿತು. ಮೊದಲ ಬಿಷಪ್ಪರ ಹೆಸರೂ ಗೊತ್ತು, ಜೆರಾಲ್ಡ್ ಐಸಾಕ್ ಲೋಬೊ. ಇದಕ್ಕೆ ಯಾರ ಊಹೆಯೂ ಬೇಡ.”

“ಅಜ್ಜಿಗೆ ಏನು ಹೇಳಲಿ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ದಿನ ಬಿಟ್ಟು ಅವಳೇ ಬಂದಳು, ತಿದ್ದಿದ ಲೇಖನದೊಡನೆ. ಅಜ್ಜಿ ಅಂದರಂತೆ: “2012ರಲ್ಲಿ ನಾನೇ ಇದ್ದೆನಲ್ಲ! ಮತ್ತೆ ಆ ಪರ್ಷಿಯದವನು ಯಾಕೆ?”

ಈ ವರ್ಷವೂ ಅದೇ ಪಾಠ ಮಾಡಿದೆ. ‘ಕೆಲವರು’, ‘ಊಹೆ’ ಎರಡನ್ನೂ ಸೇರಿಸಿಕೊಂಡು, ಬಂದರುಗಳ ಸಾಲನ್ನು ಕಪ್ಪುಹಲಗೆಯ ಮೇಲೆ ಬರೆದು ಹೇಳಿದೆ. ಚಪ್ಪಾಳೆ ಬೀಳಲಿಲ್ಲ. ಹಿಂದಿನ ಬೆಂಚಿನವನೊಬ್ಬ ಮಾತ್ರ ಎದ್ದುನಿಂತು, “ಸರ್, ಒರೋಥ ಎಲ್ಲಿದೆ?” ಎಂದು ಕೇಳಿದ.